ಸೈಕಲ್ ಆನ್‌ಲೈನ್‌ನಲ್ಲಿ ತರಿಸೋದಾ, ಅಂಗಡಿಯಲ್ಲಿ ಒಯ್ಯೋದಾ? ವಿಜಯಪುರ ಕಡೆಯವರಿಗೆ

ಆನ್‌ಲೈನ್ ಸೈಕಲ್ ರಟ್ಟಿನ ಡಬ್ಬಿಯಲ್ಲಿ ಅರ್ಧಮರ್ಧ ಬಿಚ್ಚಿ ಬರುತ್ತದೆ. ಶೇ 85ರಷ್ಟು ಜೋಡಿಸಿದೆ ಎಂದು ಬರೆದಿರುತ್ತಾರೆ. ಉಳಿದ 15ರಲ್ಲಿ ಹ್ಯಾಂಡಲ್, ಮುಂದಿನ ಗಾಲಿ, ಪೆಡಲ್, ಬ್ರೇಕಿನ ಹೊಂದಿಕೆ ಇರುತ್ತವೆ; ತಪ್ಪಿದರೆ ಹಲ್ಲು ಮುರಿಯುವುದು ಇವುಗಳಿಂದಲೇ. ಹಾಗಾಗಿ ಅದರ ಬೆಲೆಗೆ ಮಿಸ್ತ್ರಿಯ ಫಿಟ್ಟಿಂಗ್ ಕೂಲಿ, ಸ್ಟ್ಯಾಂಡು, ಮಡ್‌ಗಾರ್ಡು, ಬೆಲ್ಲು, ಕೀಲಿ ಎಲ್ಲ ಕೂಡಿಸಿ, ಆಮೇಲೆ ಅಂಗಡಿ ದರದ ಪಕ್ಕ ಇಟ್ಟು ನೋಡಿ. ಜಿಎಸ್‌ಟಿ ಎರಡೂ ಕಡೆ ಒಂದೇ: 2025ರ ಸೆಪ್ಟೆಂಬರ್ 22ರಿಂದ ಶೇ 12 ಹೋಗಿ ಶೇ 5 ಆಗಿದೆ.

ಹೊಲಕ್ಕೆ, ಹಾಲಿಗೆ ಓಡಿಸುವ ಸಾದಾ ಸೈಕಲ್ಲು, ಮಕ್ಕಳ ಸೈಕಲ್ಲು ಆದರೆ ಅಂಗಡಿಯಲ್ಲೇ ಒಯ್ಯಿರಿ, ಯೋಚನೆಯೇ ಬೇಡ. ನಿಮ್ಮ ಅಳತೆಯ ಗೇರ್ ಸೈಕಲ್ ಊರಲ್ಲಿ ಸಿಗದಿದ್ದಾಗ ಮಾತ್ರ ಆನ್‌ಲೈನ್‌ಗೆ ಅರ್ಥವಿದೆ.

ಅಳತೆಯಲ್ಲಿ ಮೋಸಹೋಗುವವರೇ ಹೆಚ್ಚು. 26, 27.5, 29 ಅನ್ನುವುದು ಗಾಲಿಯ ಇಂಚು, ಫ್ರೇಮಿನದಲ್ಲ. ಅಡ್ಡಪೈಪಿನ ಎರಡೂ ಬದಿ ಕಾಲೂರಿ ನಿಂತಾಗ ಪೈಪಿಗೂ ತೊಡೆಸಂದಿಗೂ ನಡುವೆ ಎರಡು ಇಂಚು ಜಾಗ ಉಳಿಯಬೇಕು. ಅಂಗಡಿಯಲ್ಲಿ ಇದು ಅರೆನಿಮಿಷದ ಕೆಲಸ. ಆನ್‌ಲೈನ್‌ನಲ್ಲಾದರೆ ಬರಿಗಾಲಲ್ಲಿ ನಿಂತು ತೊಡೆಸಂದಿಯಿಂದ ನೆಲದವರೆಗೆ ಅಳೆದು, ಪಟ್ಟಿಯಲ್ಲಿರುವ ಸ್ಟ್ಯಾಂಡ್‌ಓವರ್ ಎತ್ತರಕ್ಕೆ, ಅಂದರೆ ನೆಲದಿಂದ ಅಡ್ಡಪೈಪಿನವರೆಗಿನ ಎತ್ತರಕ್ಕೆ ಹೋಲಿಸಿ. ಆ ಅಂಕಿಯನ್ನೇ ಕೊಡದವರ ಹತ್ತಿರ ಕೊಳ್ಳಬೇಡಿ. ಮಕ್ಕಳಿಗೆ ‘ಬರೋ ವರ್ಷಕ್ಕೂ ಆಗಲಿ’ ಎಂದು ದೊಡ್ಡದು ತಂದರೆ ಬೆರಳು ಬ್ರೇಕಿಗೆ ಎಟಕುವುದಿಲ್ಲ.

ನಮ್ಮ ಕಡೆ ಇನ್ನೊಂದು ಲೆಕ್ಕ ನೆಗ್ಗಿನಮುಳ್ಳಿನದು. ಪಂಕ್ಚರ್ ತಪ್ಪಿದ್ದಲ್ಲ. ಬೈಕಿನ ಟ್ಯೂಬಿಗಿರುವಂಥ ದಪ್ಪ ವಾಲ್ವ್ ಇದ್ದರೆ ಯಾವ ಪಂಕ್ಚರ್ ಅಂಗಡಿಯಲ್ಲೂ ಹವಾ ಹಾಕುತ್ತಾರೆ. ರೇಸ್ ಸೈಕಲ್ಲಿನ ಸಣ್ಣ ಪ್ರೆಸ್ಟಾ ವಾಲ್ವಿಗೆ ಅವರ ಪೈಪು ಕೂಡುವುದಿಲ್ಲ, ಅಡಾಪ್ಟರ್ ಜೇಬಲ್ಲಿರಲಿ. ಎರಿ ಹೊಲದ ದಾರಿಯವರು ಟಯರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ಆಡುವಷ್ಟು ಸಂದು ನೋಡಿಕೊಳ್ಳಿ. ಇಲ್ಲದಿದ್ದರೆ ಮಳೆಯಲ್ಲಿ ಮಣ್ಣು ಮೆತ್ತಿ ಗಾಲಿಯೇ ನಿಲ್ಲುತ್ತದೆ, ಸೈಕಲ್ ಹೆಗಲೇರುತ್ತದೆ.

ಆನ್‌ಲೈನ್‌ನದು ಬಂತೇ? ಡಬ್ಬಿ ತೂತಾಗಿದೆಯೇ ನೋಡಿ, ಬಿಚ್ಚುವುದನ್ನು ತಡೆಯಿಲ್ಲದೆ ವಿಡಿಯೊ ಮಾಡಿ. ಗೇರ್ ಸೈಕಲ್ಲಾದರೆ ಹಿಂದಿನಿಂದ ಕೂತು ನೋಡಿ: ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೇಲರಿನ ಎರಡು ಪುಟ್ಟ ಗಾಲಿಗಳು ನೇರ ಒಂದರ ಕೆಳಗೊಂದು ಇರಬೇಕು. ಒಳಕ್ಕೆ ವಾಲಿದ್ದರೆ ಅದನ್ನು ಹಿಡಿದಿರುವ ಹ್ಯಾಂಗರ್ ಸಾಗಣೆಯಲ್ಲಿ ಬಾಗಿದೆ. ಸ್ಕ್ರೂ ತಿರುವಿ ಸರಿಮಾಡಲು ಹೋಗಬೇಡಿ. ಹಾಗೇ ಓಡಿಸಿದರೆ, ದಿನ್ನೆಯಲ್ಲಿ ಹಗುರ ಗೇರಿಗೆ ಹಾಕಿದಾಗ ಡಿರೇಲರ್ ಕಡ್ಡಿಗಳೊಳಗೆ ಸಿಕ್ಕಿ ಹಿಂದಿನ ಗಾಲಿ ಹಾಳಾಗುತ್ತದೆ.

ಮುಂದಿನ ಗಾಲಿ ಹಿಡಿಯುವ ಕವಲು, ಅಂದರೆ ಫೋರ್ಕ್, ಹಿಂದುಮುಂದಾಗಿ ಹಾಕುವ ತಪ್ಪು ತೀರಾ ಸಾಮಾನ್ಯ. ಡಿಸ್ಕ್ ಬ್ರೇಕ್ ಇದ್ದರೆ ಡಿಸ್ಕ್ ಎಡಕ್ಕೇ ಬರಬೇಕು. ಹ್ಯಾಂಡಲ್ ಕೊಳವೆಯ ಮೇಲೆ ಕನಿಷ್ಠ ಆಳದ ಗೆರೆ ಇದ್ದರೆ ಅದು ಫ್ರೇಮಿನೊಳಗೆ ಮುಳುಗಿರಲಿ. ಬಿಗಿ ಮಾಡಿದ ಮೇಲೆ ಮುಂದಿನ ಗಾಲಿಯನ್ನು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲ್ ತಿರುವಿ, ಜಾರಬಾರದು. ಪೆಡಲಿನಲ್ಲಿ ಆರ್, ಎಲ್ ಎಂದಿರುತ್ತದೆ: ಬಿಗಿ ಮಾಡುವಾಗ ಬಲದ್ದು ಗಡಿಯಾರದಂತೆ, ಎಡದ್ದು ಉಲ್ಟಾ ತಿರುಗುತ್ತದೆ. ಚುಕ್ಕೆ ಗ್ರೀಸ್ ಹಚ್ಚಿ, ಮೊದಲ ಮೂರ್ನಾಲ್ಕು ಸುತ್ತು ಬೆರಳಿಂದಲೇ, ಆಮೇಲೆ 15 ಎಂ.ಎಂ. ಪಾನಾ. ಮೊದಲಿಗೇ ಪಾನಾ ಹಾಕಿ ಒತ್ತಿದರೆ ಪೆಡಲ್ ಕೂರುವ ಅಲ್ಯೂಮಿನಿಯಂ ಕ್ರ್ಯಾಂಕಿನ ಥ್ರೆಡ್ ಹೋಯಿತೆಂದೇ ಲೆಕ್ಕ.

ಹೊಸ ಸೈಕಲ್ಲಿನ ವೈರು, ಕಡ್ಡಿ ಮೊದಲ ಹದಿನೈದು ದಿನದಲ್ಲಿ ಸಡಿಲಾಗುತ್ತವೆ. ಅಂಗಡಿಯವರೊಂದಿಗೆ ಚೌಕಾಶಿ ಮಾಡುವಾಗ ನೂರು ರೂಪಾಯಿಗೆ ಜಗ್ಗಾಡುವ ಬದಲು ಮೊದಲ ಸರ್ವಿಸ್ ಪುಕ್ಕಟೆ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಸೈಕಲ್ ಬೋರಲಾಗಿಸಿ ಪೆಡಲ್ ಬುಡದ ಕೊಳವೆಯನ್ನು ನೋಡಿದರೆ ಸಾಮಾನ್ಯವಾಗಿ ಅಲ್ಲಿ ಫ್ರೇಮ್ ನಂಬರ್ ಕೊರೆದಿರುತ್ತದೆ. ಅದನ್ನೂ ಬಿಲ್ಲಿಗೆ ಏರಿಸಿ, ಒಂದು ಫೋಟೊ ಹೊಡೆದಿಟ್ಟುಕೊಳ್ಳಿ. ಕಳುವಾದರೆ ಠಾಣೆಯಲ್ಲಿ ಕೇಳುವುದು ಅದನ್ನೇ.