ಇಳಿದ ಆಯಿಲ್ ಎಲ್ಲಿಗೆ ಹೋಯಿತು?

ನಮ್ಮ ಪಿಕಪ್‌ನಲ್ಲಿ ಬ್ರೇಕ್ ಆಯಿಲ್ ಕಡಿಮೆಯಾಗಿದ್ದನ್ನು ಮೊದಲ ಸಲ ಕಂಡಾಗ ನಾನೂ ಎಲ್ಲರ ಹಾಗೆಯೇ ಮಾಡಿದೆ. ಬಾನೆಟ್ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತಿರುಗಿಸಿ, ಮೇಲಿನ ಗೆರೆ ಮುಟ್ಟುವಷ್ಟು ಸುರಿದು, ಬಾನೆಟ್ ಮುಚ್ಚಿದೆ. ಎರಡು ವಾರ ಕಳೆದು ಮುಂದಿನ ಚಕ್ರಗಳಿಗೆ ಹೊಸ ಬ್ರೇಕ್ ಪ್ಯಾಡ್ ಹಾಕಲು ಕೂತೆ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಪಿಸ್ಟನ್ನನ್ನು ಒಳಕ್ಕೆ ಒತ್ತುತ್ತಿದ್ದರೆ ಮೇಲೆ ಡಬ್ಬಿ ಉಕ್ಕಿ ಫೆಂಡರ್ ಮೇಲೆ ಹರಿಯುತ್ತಿತ್ತು. ಚಕ್ರದ ಹತ್ತಿರ ಕೂತವನಿಗೆ ಅದು ಕಾಣಬೇಕಲ್ಲ? ಎದ್ದು ನೋಡುವಷ್ಟರಲ್ಲಿ ಪೇಂಟ್ ಸುಕ್ಕುಗಟ್ಟಿತ್ತು, ಒರೆಸಿದರೆ ಬಟ್ಟೆಗೇ ಬಂತು. ನೀರು ಸುರಿದು ತೊಳೆದದ್ದು ತಡವಾಗಿತ್ತು. ಆ ಕಲೆ ಇವತ್ತಿಗೂ ಇದೆ.

ಆ ಆಯಿಲ್ ಸೋರಿ ಹೋಗಿರಲಿಲ್ಲ. ಪ್ಯಾಡ್ ಸವೆದಷ್ಟೂ ಪಿಸ್ಟನ್ ಹೊರಕ್ಕೆ ಬರುತ್ತದೆ, ಅದರ ಹಿಂದೆ ತೆರವಾದ ಜಾಗಕ್ಕೆ ಡಬ್ಬಿಯ ಆಯಿಲ್ ಇಳಿಯುತ್ತದೆ. ಕ್ಯಾಲಿಪರ್ ಒಳಗೆ ಕೂತಿದ್ದ ಅದನ್ನು ನಾನೇ ವಾಪಸ್ ತಳ್ಳಿದ್ದೆ. ಅಂದಿನಿಂದ ಡಬ್ಬಿಯ ಮಟ್ಟ ಕಡಿಮೆ ಕಂಡರೆ ನಾನು ಮೊದಲು ಹುಡುಕುವುದು ಬಾಟಲಿಯನ್ನಲ್ಲ, ಟಾರ್ಚನ್ನು. ಪ್ಯಾಡ್ ತೆಳ್ಳಗಾಗಿದ್ದು, ಮಟ್ಟ ಕೆಳಗಿನ ಗೆರೆಗಿಂತ ಮೇಲಿದ್ದರೆ ಹಾಗೇ ಬಿಡುತ್ತೇನೆ. ಹೊಸ ಪ್ಯಾಡ್ ಕೂತ ದಿನ ತಾನಾಗಿಯೇ ಮೇಲೆ ಬರುತ್ತದೆ. ಪ್ಯಾಡ್ ದಪ್ಪಗಿದ್ದೂ ಮಟ್ಟ ಇಳಿದಿದ್ದರೆ ಮಾತ್ರ ಗಾಡಿಯ ಕೆಳಗೆ ತೂರುತ್ತೇನೆ.

ಸೋರಿಕೆ ಹುಡುಕಲು ನನ್ನದೊಂದು ದಾರಿಯಿದೆ: ನಾಲ್ಕೂ ಟೈರಿನ ಒಳಮೈ, ಹಿಂದಿನ ಡ್ರಮ್ಮಿನ ತಗಡಿನ ಅಂಚು, ಪೈಪಿನ ಜೋಡಣೆಗಳು, ಕೊನೆಗೆ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಪೈಪಿಗೆ ತಳ್ಳುವ ಭಾಗ) ಬೂಸ್ಟರಿಗೆ (ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಭಾಗ) ಕೂರುವ ಜಾಗ. ಕೊನೆಯದು ಮೋಸ ಮಾಡುತ್ತದೆ. ಹಿಂದಿನ ಸೀಲ್ ಹೋದರೆ ಆಯಿಲ್ ಬೂಸ್ಟರ್ ಒಳಕ್ಕೇ ಇಳಿಯುವುದರಿಂದ ನೆಲದ ಮೇಲೆ ಒಂದು ಹನಿಯೂ ಕಾಣದಿರಬಹುದು. ಕಂಡ ಹನಿ ಯಾವ ಆಯಿಲ್ ಎಂಬ ಅನುಮಾನ ಬಂದರೆ ಒಂದು ಲೋಟ ನೀರಿಗೆ ಬಿಡಿ. ಮಾಮೂಲಿ ಬ್ರೇಕ್ ಆಯಿಲ್ ನೀರಿನಲ್ಲಿ ಕರಗುತ್ತದೆ, ಎಂಜಿನ್ ಆಯಿಲ್ ಮತ್ತು ಸ್ಟೀರಿಂಗ್ ಆಯಿಲ್ ತೇಲುತ್ತವೆ.

ನೀರಿನ ಮೇಲಿನ ಈ ಮೋಹವೇ ಬ್ರೇಕ್ ಆಯಿಲ್‌ನ ರೋಗ ಕೂಡ. ಗಾಳಿಯಲ್ಲಿನ ತೇವವನ್ನು ಅದು ವರ್ಷಗಟ್ಟಲೆ ಹೀರುತ್ತಲೇ ಇರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಆದರೆ 3.7 ಶೇಕಡಾದಷ್ಟು ನೀರು ಸೇರಿದ ಮೇಲೆ ಅದೇ ದರ್ಜೆಗೆ 155 ಡಿಗ್ರಿ ತಡೆದರೆ ಸಾಕು ಎನ್ನುತ್ತದೆ ನಿಯಮ. ಡಾಟ್ 3ಕ್ಕೆ ಈ ಅಂಕಿಗಳು 205 ಮತ್ತು 140. ಭಾರ ಹೇರಿಕೊಂಡು ಉದ್ದದ ಇಳಿಜಾರು ಇಳಿಯುವಾಗ ಪೆಡಲ್ ಇದ್ದಕ್ಕಿದ್ದಂತೆ ಸ್ಪಂಜಿನ ಹಾಗೆ ಮೆತ್ತಗಾದರೆ, ಒಳಗೆ ಆಯಿಲ್ ಕುದಿದು ಆವಿಯಾಗಿರಬಹುದು. ಹಾಗಾಗಿ ಮೇಲಿಂದ ಮೇಲೆ ತುಂಬುತ್ತಾ ಹೋಗುವುದನ್ನು ನಾನು ಸರ್ವಿಸ್ ಎಂದು ಎಣಿಸುವುದಿಲ್ಲ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸುತ್ತೇನೆ. ಸೀಲ್ ಒಡೆದ ಹಳೆಯ ಬಾಟಲಿಯಿಂದ ಎಂದೂ ಹಾಕುವುದಿಲ್ಲ.

ಯಾವುದನ್ನು ಹಾಕಬೇಕೆಂಬುದು ಡಬ್ಬಿಯ ಮುಚ್ಚಳದ ಮೇಲೆಯೇ ಇರುತ್ತದೆ. ಈ ಹೆಸರುಗಳನ್ನು ಇಟ್ಟವರು ಯಾರೋ, ಡಾಟ್ 5.1 ಮತ್ತು ಡಾಟ್ 5 ಅಣ್ಣತಮ್ಮಂದಿರಂತೆ ಕೇಳಿಸುತ್ತವೆ. ಆದರೆ 5.1 ನಮ್ಮ ಮಾಮೂಲಿ ಗ್ಲೈಕಾಲ್ ಜಾತಿ, 5 ಸಿಲಿಕೋನ್. ಇವೆರಡನ್ನೂ ಬೆರೆಸಬಾರದು. ಇನ್ನು ಸ್ಟೀರಿಂಗ್ ಆಯಿಲ್ಲೋ ಎಂಜಿನ್ ಆಯಿಲ್ಲೋ ಕೈತಪ್ಪಿ ಬ್ರೇಕ್ ಡಬ್ಬಿಗೆ ಬಿದ್ದರೆ ಒಳಗಿನ ರಬ್ಬರ್ ಉಬ್ಬಿ ಹಾಳಾಗುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದಾಗ ನಾನು ಬ್ರೇಕ್ ಡಬ್ಬಿಯ ಮುಚ್ಚಳ ಬಿಚ್ಚಿ ಅದರೊಳಗಿನ ರಬ್ಬರನ್ನು ನೋಡುವುದು ಇದಕ್ಕೇ. ಅದು ಉಬ್ಬಿ ಸೊಟ್ಟಗಾಗಿದ್ದರೆ ಮಾರುವವರಿಗೆ ನಮಸ್ಕಾರ ಹೇಳಿ ಬರುತ್ತೇನೆ.

ಬದಲಾಯಿಸುವ ಕೆಲಸಕ್ಕೆ ಇಬ್ಬರು ಬೇಕು. ಡಬ್ಬಿಯ ಹಳೆ ಆಯಿಲನ್ನು ಸಿರಿಂಜಿನಲ್ಲಿ ಎಳೆದು, ಹೊಸದು ತುಂಬಿ, ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು ಮಾಡುತ್ತೇನೆ (ಕೆಲವು ಗಾಡಿಗಳ ಕೈಪಿಡಿಯಲ್ಲಿ ಬೇರೆ ಕ್ರಮ ಇರುತ್ತದೆ, ಆಗ ಕೈಪಿಡಿಯ ಮಾತೇ ಸರಿ). ನನ್ನ ತಮ್ಮ ಸೀಟಿನಲ್ಲಿ, ಬ್ರೇಕ್ ಪೆಡಲ್ ಮೇಲೆ ಕಾಲಿಟ್ಟು; ನಾನು ಕೆಳಗೆ.

“ಒತ್ತಿ ಹಿಡ್ಕೋ.”

“ಹಿಡ್ಕೊಂಡೆ ಕಣೋ ಅಣ್ಣ.”

ಚಕ್ರದ ಬಳಿ ಆಯಿಲ್ ಹೊರಬಿಡುವ ನಿಪ್ಪಲ್ ಸಡಿಲಿಸಿ, ಅದಕ್ಕೆ ಸಿಕ್ಕಿಸಿದ ಪೈಪಿನಲ್ಲಿ ಗುಳ್ಳೆ ನೋಡಿ, ಮತ್ತೆ ಬಿಗಿದ ಮೇಲೆಯೇ “ಬಿಡು”. ಬಿಗಿಯುವ ಮೊದಲೇ ಅವನು ಕಾಲು ತೆಗೆದರೆ ಗಾಳಿ ಒಳಗೆ ಹೋಗಿ, ಮಾಡಿದ್ದೆಲ್ಲ ಮೊದಲಿನಿಂದ. ನಡುವೆ ಡಬ್ಬಿ ಖಾಲಿಯಾದರೂ ಅದೇ ಗತಿ.

ಒಮ್ಮೆ ಹಿಂದಿನ ಚಕ್ರಗಳಲ್ಲಿ ಎಷ್ಟು ಒತ್ತಿದರೂ ಹನಿಹನಿಯಾಗಿ ಮಾತ್ರ ಬರುತ್ತಿತ್ತು. ನಿಪ್ಪಲ್ ಕಟ್ಟಿದೆ ಎಂದುಕೊಂಡು ಬಿಚ್ಚಿ ತಂತಿ ಆಡಿಸಿದೆ, ಹೋಸ್ ಒಳಗೆ ಊದಿಕೊಂಡಿದೆಯೇನೋ ಎಂದು ಅದನ್ನೂ ಬಿಚ್ಚಿದೆ. ಎರಡೂ ಸರಿಯಾಗಿದ್ದವು. ತಪ್ಪು ಇದ್ದದ್ದು ನಾನು ಗಾಡಿ ಎತ್ತಿದ್ದ ರೀತಿಯಲ್ಲಿ. ಸ್ಟ್ಯಾಂಡನ್ನು ಚಾಸಿ ಕೆಳಗೆ ಕೊಟ್ಟಿದ್ದರಿಂದ ಆಕ್ಸಲ್ ಜೋತುಬಿದ್ದಿತ್ತು. ಭಾರ ಹೊರುವ ಎಷ್ಟೋ ಗಾಡಿಗಳಲ್ಲಿ ಹಿಂದಿನ ಬ್ರೇಕಿಗೆ ಹೋಗುವ ಒತ್ತಡವನ್ನು ಹೊರೆಗೆ ತಕ್ಕಂತೆ ಹಂಚುವ ಒಂದು ವಾಲ್ವ್ ಇರುತ್ತದೆ, ಅದರ ಸನ್ನೆಕೋಲು ಆಕ್ಸಲ್‌ಗೆ ಕಟ್ಟಿರುತ್ತದೆ. ಆಕ್ಸಲ್ ಜೋತುಬಿದ್ದರೆ ಗಾಡಿ ಖಾಲಿಯಿದೆ ಎಂದು ತಿಳಿದು ಅದು ಹಿಂದಿನ ದಾರಿಯನ್ನು ಕಿರಿದು ಮಾಡುತ್ತದೆ. ಸ್ಟ್ಯಾಂಡನ್ನು ಆಕ್ಸಲ್ ಕೆಳಗೆ ಸರಿಸಿದೆ, ಧಾರೆ ಬಂತು. ಹೋಸ್ ಬಿಚ್ಚಿದ ತಪ್ಪಿಗೆ ಮತ್ತೆ ಅರ್ಧ ಬಾಟಲಿ ಖರ್ಚಾಯಿತು.

ಕ್ಲಚ್ಚಿನದು ಚಿಕ್ಕ ಕಥೆ. ನಮ್ಮ ಗಾಡಿಯಲ್ಲಿ ಕ್ಲಚ್ಚಿಗೂ ಅದೇ ಡಬ್ಬಿ, ಪೈಪ್ ಮಾತ್ರ ಪಕ್ಕದಿಂದ, ಸ್ವಲ್ಪ ಎತ್ತರದಿಂದ ಹೊರಡುತ್ತದೆ. ಕ್ಲಚ್ ಕಡೆ ಎಲ್ಲ ಸೋರಿಹೋದರೂ ಬ್ರೇಕಿಗೆ ಒಂದಿಷ್ಟು ಉಳಿಯಲಿ ಎಂಬ ಜಾಣತನ ಅದು.

ಸ್ಟೀರಿಂಗ್ ಆಯಿಲ್ ವಿಷಯದಲ್ಲಿ ನಾನು ಸುಮಾರು ದಿನ ದಡ್ಡನಾಗಿದ್ದೆ. ಬೆಳಗ್ಗೆ ತಣ್ಣಗಿದ್ದಾಗ, ಬಿಸಿಯಾಗಿ ಹಿಗ್ಗಿದ ಆಯಿಲ್‌ಗೆಂದು ಇರುವ ಮೇಲಿನ ಗೆರೆಗೆ ತುಂಬಿಸಿ, ಸಂಜೆ ಮುಚ್ಚಳದ ಸುತ್ತ ಒದ್ದೆ ಕಂಡು ಸೋರಿಕೆ ಎಂದು ಹೆದರಿದ್ದೆ. ಆಮೇಲೆ ಬಂದದ್ದು ನಿಜವಾದ ತೊಂದರೆ: ಸ್ಟೀರಿಂಗ್ ತಿರುಗಿಸಿದರೆ ಪಂಪು ಕುಂಯ್ ಎನ್ನುತ್ತಿತ್ತು, ಡಬ್ಬಿಯಲ್ಲಿ ನೊರೆ, ಹೊರಗೆಲ್ಲೂ ಹನಿಯಿಲ್ಲ. ಡಬ್ಬಿಯಿಂದ ಪಂಪಿಗೆ ಹೋಗುವ ಹೋಸಿನ ಕ್ಲಿಪ್ ಸಡಿಲವಾಗಿತ್ತು. ಅದು ಪಂಪು ಎಳೆದುಕೊಳ್ಳುವ ಕಡೆ, ಆದ್ದರಿಂದ ಆಯಿಲ್ ಹೊರಬರುವ ಬದಲು ಗಾಳಿ ಒಳಹೋಗುತ್ತಿತ್ತು. ಹೊಸ ಕ್ಲಿಪ್ ಬಿಗಿದು, ಮುಂದಿನ ಚಕ್ರ ಎತ್ತಿ, ಎಂಜಿನ್ ಆಫ್ ಇಟ್ಟುಕೊಂಡೇ ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ಹದಿನೈದಿಪ್ಪತ್ತು ಸಲ ನಿಧಾನಕ್ಕೆ ತಿರುಗಿಸಿ, ನಡುನಡುವೆ ಆಯಿಲ್ ಸೇರಿಸಿದೆ. ಗುಳ್ಳೆ ನಿಂತ ಮೇಲೆ ಎಂಜಿನ್ ಶುರು ಮಾಡಿ ಮತ್ತೊಂದಿಷ್ಟು. ಸ್ಟೀರಿಂಗನ್ನು ಒಂದು ತುದಿಯವರೆಗೆ ತಿರುಗಿಸಿ ಹಾಗೇ ಹಿಡಿದಿಡಬಾರದು, ಪಂಪು ಬಿಸಿಯಾಗುತ್ತದೆ. ನಮ್ಮದು ಕೆಂಪು ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಕೇಳುವ ಗಾಡಿ. ಬೇರೆಯದು ಕೇಳುವವೂ ಇವೆ, ಬಣ್ಣ ನೋಡಿ ಸುರಿಯುವ ಹಾಗಿಲ್ಲ.

ಪಿಕಪ್ ಹಿಂಬದಿಯ, ಆಯಿಲ್ ಜ್ಯಾಕಿನಿಂದ ಎತ್ತುವ ಟಿಪ್ಪರ್ ತೊಟ್ಟಿಯದೂ ಮತ್ತೆ ಅದೇ ಪಾಠ. ತೊಟ್ಟಿ ಎತ್ತಿದ್ದಾಗ ಆಯಿಲ್ ಜ್ಯಾಕಿನ ಒಳಗಿರುತ್ತದೆ, ಟ್ಯಾಂಕ್ ಖಾಲಿ ಕಾಣುತ್ತದೆ. ಆಗ ತುಂಬಿದರೆ ಇಳಿಸುವಾಗ ಉಕ್ಕುತ್ತದೆ. ಪೂರ್ತಿ ಇಳಿಸಿ, ಮಟ್ಟಸ ನೆಲದ ಮೇಲೆ ನಿಲ್ಲಿಸಿ ನೋಡಬೇಕು. ಮಜ್ಜಿಗೆ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ತುಂಬಿ ಪ್ರಯೋಜನವಿಲ್ಲ, ಬಸಿದು ಬದಲಾಯಿಸಬೇಕು. ಕೆಳಗೆ ಹೋಗಲೇಬೇಕಾದರೆ ತೊಟ್ಟಿಗೆ ಆಧಾರದ ಕಂಬಿ ಕೊಡದೆ ತಲೆ ಹಾಕುವುದಿಲ್ಲ. ಇಲ್ಲಿನ ಹೋಸಿನಲ್ಲಿ ಸೋರಿಕೆ ಇದೆಯೇ ಎಂದು ಬೆರಳಾಡಿಸಿ ನೋಡುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಸೂಜಿಮೊನೆಯಷ್ಟು ತೂತಿನಿಂದ ಬರುವ ಆಯಿಲ್ ಚರ್ಮ ಸೀಳಿ ಒಳಹೊಗುತ್ತದೆ, ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಗಾಯ ಅದು. ರಟ್ಟಿನ ತುಂಡು ಹಿಡಿದು ನೋಡಿ.

ಗಾಡಿಯ ತಪಾಸಣೆ ಬರೆದಿಡುವ ನನ್ನ ಪುಸ್ತಕದಲ್ಲಿ ಈಗ ಬರೀ ಸರಿ ಗುರುತು ಹಾಕುವುದಿಲ್ಲ. ಎಷ್ಟು ಇಳಿದಿತ್ತು, ಪ್ಯಾಡ್ ಎಷ್ಟು ದಪ್ಪ ಇತ್ತು ಎಂದು ಬರೆದಿಡುತ್ತೇನೆ. ಕಳೆದ ತಿಂಗಳ ಸಾಲಿನಲ್ಲಿ ಡಬ್ಬಿ 4 ಮಿಲಿಮೀಟರ್ ಇಳಿದಿದೆ, ಪ್ಯಾಡ್ ಹಾಗೇ ಇದೆ, ಚಕ್ರಗಳೆಲ್ಲ ಒಣಗಿವೆ. ಕ್ಲಚ್ ಮೇಲೆ ನನಗೆ ಅನುಮಾನ. ಇವತ್ತು ರಾತ್ರಿ ಗೇರ್‌ಬಾಕ್ಸ್ ಕೆಳಗೆ ರಟ್ಟು ಹಾಸಿದ್ದೇನೆ, ಬೆಳಗ್ಗೆ ನೋಡಬೇಕು.