ಮಲೆನಾಡಿನ ಮನೆಗೆ ಆಡಿಯೊ: ಯಾವುದಕ್ಕೆ ಕೊಟ್ಟ ದುಡ್ಡು ದಕ್ಕಿತು, ಯಾವುದಕ್ಕೆ ದಕ್ಕಲಿಲ್ಲ

ಮಲೆನಾಡಿನಲ್ಲಿ ಆಡಿಯೊ ಸಾಮಾನು ಸವೆದು ಹಾಳಾಗುವುದು ಅಪರೂಪ. ಭರಣಿ, ಕೃತ್ತಿಕೆಯ ಸಿಡಿಲಿಗೆ ಸುಡುತ್ತದೆ, ಇಲ್ಲವೇ ಆರಿದ್ರೆಯಿಂದ ಮಘೆಯವರೆಗಿನ ಥಂಡಿಗೆ ಕೆಡುತ್ತದೆ. ತೀರ್ಥಹಳ್ಳಿ ಕಡೆಯ ಹಂಚಿನ ಮನೆಯಲ್ಲಿ ಹಾಡು, ತಾಳಮದ್ದಳೆ ಕೇಳಲು ಏನೇನು ಕೊಂಡರೆ ಬಾಳುತ್ತದೆ ಎಂದು ಕೇಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ವ್ಯರ್ಥವಾಗುವ ಖರೀದಿ. ‘ಪಿಎಂಪಿಒ’ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಲೆಕ್ಕದಲ್ಲಿ ಸಾವಿರಾರು ವ್ಯಾಟ್ ಬರೆದ ಐದು ಸ್ಪೀಕರಿನ ಹೋಮ್ ಥಿಯೇಟರ್ ಸೆಟ್ಟನ್ನು ಯಾರೂ ಕೊಳ್ಳಬೇಡಿ. ಡಬ್ಬದ ಮೇಲಿನ ಅಂಕಿ ಬಿಟ್ಟು ಆಂಪ್ಲಿಫೈಯರಿನ ಹಿಂಬದಿಯ ಪಟ್ಟಿ ನೋಡಿ. ಅದು ಎಳೆಯುವ ಕರೆಂಟೇ 60 ವ್ಯಾಟ್ ಎಂದಿದ್ದರೆ ಸ್ಪೀಕರಿಗೆ ಸತತವಾಗಿ ಹೋಗುವುದು ಅದಕ್ಕಿಂತ ಕಡಿಮೆಯೇ. ಅಷ್ಟೇ ಹಣಕ್ಕೆ ಒಂದು ಜೊತೆ ಒಳ್ಳೆಯ ಸ್ಪೀಕರ್, 8 ಓಮಿನ ಸ್ಪೀಕರಿಗೆ 30ರಿಂದ 50 ವ್ಯಾಟ್ ಆರ್‌ಎಂಎಸ್ (ಸತತ ಶಕ್ತಿ) ಕೊಡುವ ಸ್ಟೀರಿಯೊ ಆಂಪ್ಲಿಫೈಯರ್ ಸಾಕು. ಸ್ಪೀಕರಿನ ಸೆನ್ಸಿಟಿವಿಟಿಯನ್ನೂ, ಅಂದರೆ ಕೊಟ್ಟ ವ್ಯಾಟಿಗೆ ಎಷ್ಟು ಸದ್ದು ಮಾಡುತ್ತದೆ ಎಂಬುದನ್ನೂ ನೋಡಿ. 87 ಡೆಸಿಬೆಲ್‌ನದು ಕೊಡುವಷ್ಟೇ ಸದ್ದನ್ನು 90 ಡೆಸಿಬೆಲ್‌ನದು ಅದರ ಅರ್ಧದಷ್ಟು ವ್ಯಾಟಿನಲ್ಲೇ ಕೊಡುತ್ತದೆ. ಹಂಚಿನ ಮೇಲೆ ಮಳೆ ಬೀಳುವಾಗ ವಾಲ್ಯೂಮ್ ಏರಿಸುವ ಬದಲು ಕುರ್ಚಿಯನ್ನು ಸ್ಪೀಕರಿನ ಹತ್ತಿರ ಎಳೆದುಕೊಳ್ಳಿ. ಬಯಲಿನಲ್ಲಾದರೆ ದೂರ ಅರ್ಧವಾದಾಗ 6 ಡೆಸಿಬೆಲ್ ಹೆಚ್ಚುತ್ತದೆ, ಅಂದರೆ ನಾಲ್ಕು ಪಟ್ಟು ವ್ಯಾಟ್ ಕೊಟ್ಟ ಹಾಗೆ. ಕೋಣೆಯೊಳಗೆ ಅಷ್ಟು ಸಿಗದಿದ್ದರೂ ಭಾಗವತರ ಸಾಹಿತ್ಯ ಬಿಡಿಬಿಡಿಯಾಗಿ ಕೇಳಲು ಸಾಕಾಗುತ್ತದೆ.

ಇನ್ನು ಸಿಡಿಲು. ದುಬಾರಿ ಎವಿ ರಿಸೀವರುಗಳಲ್ಲಿ (ಟಿವಿಯನ್ನೂ ಜೋಡಿಸುವ ಆಂಪ್ಲಿಫೈಯರುಗಳಲ್ಲಿ) ಸಾಮಾನ್ಯವಾಗಿ ಮೊದಲು ಹೋಗುವುದು ಎಚ್‌ಡಿಎಂಐ ಬೋರ್ಡ್. ಕರೆಂಟಿನ ಪ್ಲಗ್ ಕಿತ್ತಿದ್ದರೂ ಹೋಗಬಹುದು, ಏಕೆಂದರೆ ಸಿಡಿಲಿನ ಒತ್ತಡ ಮಾಡಿನ ಮೇಲಿನ ಡಿಶ್‌ನಿಂದ ಕೇಬಲ್ ಹಿಡಿದು ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಟಿವಿಗೆ, ಟಿವಿಯಿಂದ ಎಚ್‌ಡಿಎಂಐ ಮೂಲಕ ರಿಸೀವರಿಗೆ ಇಳಿಯುತ್ತದೆ. ಇದಕ್ಕೆ ನಾನು ಕಂಡ ಅತಿ ಅಗ್ಗದ ಪರಿಹಾರ ಆಪ್ಟಿಕಲ್ ಕೇಬಲ್. ಅದರಲ್ಲಿ ಹೋಗುವುದು ಬೆಳಕು, ತಾಮ್ರದ ಎಳೆಯೇ ಇಲ್ಲ, ಹಾಗಾಗಿ ಟಿವಿ ಸುಟ್ಟರೂ ಆ ದಾರಿಯಲ್ಲಿ ಆಂಪ್ಲಿಫೈಯರಿಗೆ ಏನೂ ದಾಟುವುದಿಲ್ಲ. ಟಿವಿಯ ಆಪ್ಟಿಕಲ್ ಔಟ್‌ನಿಂದ ಒಂದು ಸಣ್ಣ ಡಿಎಸಿಗೆ (ಡಿಜಿಟಲ್ ಸದ್ದನ್ನು ಆಂಪ್ಲಿಫೈಯರಿಗೆ ಹಿಡಿಸುವ ಅನಲಾಗ್ ಆಗಿಸುವ ಡಬ್ಬಿ), ಅದರಿಂದ ಆಂಪ್ಲಿಫೈಯರಿಗೆ ಕೊಡಿ. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಆಡಿಯೊ ಔಟ್‌ಪುಟ್ಟನ್ನು ‘ಪಿಸಿಎಂ’ಗೆ (ಡಿಎಸಿಗೆ ಅರ್ಥವಾಗುವ ಸಾದಾ ಡಿಜಿಟಲ್ ರೂಪ) ಇಡದಿದ್ದರೆ ಸದ್ದೇ ಬಾರದಿರಬಹುದು. ಡಿಎಸಿ ಕೆಟ್ಟಿದೆ ಎಂದು ಎಷ್ಟೋ ಜನ ವಾಪಸ್ ಕಳಿಸುವುದು ಇದೇ ಕಾರಣಕ್ಕೆ. ಕೇಬಲ್ಲನ್ನು ಚೂಪಾಗಿ ಮಡಿಸಬಾರದು, ಇಲಿ ಓಡಾಡುವ ಕಡೆ ಪಿವಿಸಿ ಪೈಪಿನೊಳಗೆ ಎಳೆಯಬೇಕು. ಇಷ್ಟಾದರೂ ಗುಡುಗು ಶುರುವಾದರೆ ಆಂಪ್ಲಿಫೈಯರ್, ಡಿಎಸಿ ಎರಡರ ಪ್ಲಗ್ಗನ್ನೂ ಕೀಳಲೇಬೇಕು. ಸ್ವಿಚ್ ಆರಿಸಿದರೆ ಒಳಗೆ ಬಿಡುವುದು ಕೆಲವೇ ಮಿ.ಮೀ. ಸಂದು, ಸಿಡಿಲಿಗೆ ಅದು ಲೆಕ್ಕಕ್ಕಿಲ್ಲ.

ಸ್ಪೈಕ್ ಗಾರ್ಡಿಗೆ ದುಡ್ಡು ಹಾಕುವ ಮೊದಲು ಅರ್ಥಿಂಗ್ ನೋಡಿ. ಹೆಚ್ಚುವರಿ ಒತ್ತಡ ಹರಿದು ಹೋಗಲು ನೆಲದ ದಾರಿಯೇ ಇಲ್ಲದಿದ್ದರೆ ಗಾರ್ಡ್ ಅರ್ಧ ಕೆಲಸವನ್ನೂ ಮಾಡುವುದಿಲ್ಲ. 40 ಮಿ.ಮೀ. ವ್ಯಾಸದ, ಎರಡೂವರೆ ಮೀಟರ್ ಉದ್ದದ ಜಿಐ ಪೈಪ್ ಹೂಳಿ, ಸುತ್ತ ಇದ್ದಿಲು, ಉಪ್ಪು ತುಂಬಿಸುವ ಹಳೆಯ ಕ್ರಮ ಚೆನ್ನಾಗಿಯೇ ಇದೆ. ಜಂಬಿಟ್ಟಿಗೆ ನೆಲ ಮಾರ್ಚ್, ಏಪ್ರಿಲ್‌ನಲ್ಲಿ ಒಣಗಿ ಅರ್ಥಿಂಗ್ ದುರ್ಬಲವಾಗುತ್ತದೆ, ಸಿಡಿಲು ಶುರುವಾಗುವುದೂ ಸರಿಯಾಗಿ ಆಗಲೇ. ಆ ದಿನಗಳಲ್ಲಿ ಗುಂಡಿಗೆ ತಪ್ಪದೆ ನೀರು ಹೊಯ್ಯಿರಿ. ಅರ್ಥ್ ಸರಿಯಿದ್ದರೆ ಡಿಬಿ ಬಾಕ್ಸಿನಲ್ಲಿ (ಮನೆಯ ಎಂಸಿಬಿಗಳಿರುವ ಪೆಟ್ಟಿಗೆ) ಟೈಪ್ 2 ಎಸ್‌ಪಿಡಿ (ಹೆಚ್ಚುವರಿ ಒತ್ತಡವನ್ನು ನೆಲಕ್ಕೆ ಇಳಿಸುವ ಸಾಧನ) ಹಾಕಿಸುವುದು ಖಂಡಿತ ದಕ್ಕುವ ಖರ್ಚು. ಸಂಜೆ ವೋಲ್ಟೇಜ್ ಬೀಳುವ ಊರುಗಳಲ್ಲಿ ಸ್ಟೆಬಿಲೈಸರ್ ಬೇಕು, ಮನೆಯ ಸ್ಟೀರಿಯೊಗೆ 500 ವಿಎ ಸಾಲುತ್ತದೆ. ಇನ್ವರ್ಟರ್ ಸೈನ್ ವೇವ್‌ನದೇ ಇರಲಿ. ಸ್ಕ್ವೇರ್ ವೇವ್‌ನದಾದರೆ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟುತ್ತದೆ.

ಹಳೆಯ ಸ್ಪೀಕರ್ ಕೊಳ್ಳುವುದು ಲಾಭದ ವ್ಯವಹಾರ, ನೋಡಿ ಕೊಳ್ಳುವುದು ಗೊತ್ತಿದ್ದರೆ. ವೂಫರಿನ ಕೋನ್ ಸುತ್ತಲಿನ ಬಳೆಯನ್ನು ಬೆರಳ ತುದಿಯಿಂದ ಮೆಲ್ಲಗೆ ಒತ್ತಿ. ರಬ್ಬರ್ ಅಥವಾ ಬಟ್ಟೆಯದಾದರೆ ಬಾಗಿ ಹಿಂದೆ ಬರುತ್ತದೆ. ಫೋಮಿನದು ಹಳತಾಗಿದ್ದರೆ ಬೆರಳಿಗೆ ಅಂಟುತ್ತದೆ ಅಥವಾ ಪುಡಿಯಾಗಿ ಉದುರುತ್ತದೆ. ಗಾಳಿಯ ತೇವವೇ ಆ ಫೋಮನ್ನು ಒಡೆಯುವುದರಿಂದ ನಮ್ಮ ಕಡೆ ಫೋಮಿನದು ಬೇಡವೇ ಬೇಡ. ಉಳಿದದ್ದೆಲ್ಲ ಚೆನ್ನಾಗಿದ್ದು ಬೆಲೆ ಇಳಿಸಿದರೆ ಕೊಂಡು ಬಳೆ ಬದಲಿಸಬಹುದು. ಹಳೆಯ ಫೋಮ್, ಗಮ್ಮನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಪೂರ್ತಿ ತೆಗೆದು, ಹೊಸ ಬಳೆಯನ್ನು ಮೊದಲು ಕೋನಿಗೆ ಅಂಟಿಸಿ ಒಣಗಲು ಬಿಡಿ. ಆಮೇಲೆ ಚೌಕಟ್ಟಿಗೆ ಅಂಟಿಸುವಾಗ ಎರಡು ಹೆಬ್ಬೆರಳಿನಿಂದ ಕೋನನ್ನು ಸಮನಾಗಿ ಒತ್ತಿ ಬಿಡುತ್ತಾ ಕಿವಿಗೊಡಿ. ಕರಕರ ಎಂದರೆ ಕೋನಿನ ಹಿಂದಿನ ತಂತಿಯ ಸುರುಳಿ (ವಾಯ್ಸ್ ಕಾಯಿಲ್) ಉಜ್ಜುತ್ತಿದೆ, ಗಮ್ ಹಸಿಯಿರುವಾಗಲೇ ಸರಿಸಿ. ಮರಕ್ಕೆ ಬಳಸುವ ಬಿಳಿ ಗಮ್ ಥಂಡಿಗೆ ಮೆತ್ತಗಾಗುತ್ತದೆ, ರೀಕೋನಿಂಗ್ (ಸ್ಪೀಕರಿನ ಕೋನ್ ರಿಪೇರಿ) ಮಾಡುವವರು ಬಳಸುವ ರಬ್ಬರ್ ಗಮ್ ತನ್ನಿ.

ಪೆಟ್ಟಿಗೆಯನ್ನೂ ತಿರುಗಿಸಿ ನೋಡಬೇಕು. ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಎರಡೂ ಬುಡದ ಅಂಚಿನಲ್ಲಿ, ಟರ್ಮಿನಲ್‌ಗಾಗಿ ಕೊರೆದ ತೂತಿನಲ್ಲಿ ನೀರು ಕುಡಿದು ಉಬ್ಬುತ್ತವೆ. ಉಬ್ಬಿದ್ದನ್ನು ತರಬೇಡಿ. ಹೊಸದಾದರೆ ಬಣ್ಣ ಕಾಣದ ಅಂಚುಗಳಿಗೆಲ್ಲ ಎರಡು ಕೋಟ್ ವಾರ್ನಿಷ್ ಬಳಿದು, ರೆಡ್‌ಆಕ್ಸೈಡ್ ನೆಲಕ್ಕೆ ತಾಗದಂತೆ ಸ್ಟ್ಯಾಂಡಿನ ಮೇಲೆ, ಗೋಡೆಯಿಂದ ಅರ್ಧ ಅಡಿಯಾದರೂ ಬಿಟ್ಟು ಇಡಿ. ಹಿಂಬದಿ ಪೋರ್ಟ್ (ಗಾಳಿ ಆಡುವ ತೂತು) ಇದ್ದರೆ ಬಾಯಿಗೆ ನೈಲಾನ್ ಬಲೆ ಕಟ್ಟಿ, ಕಣಜ ಒಳಗೆ ಮಣ್ಣಿನ ಗೂಡು ಕಟ್ಟಿದರೆ ಬಾಸ್ ಕೆಡುತ್ತದೆ.

‘ಹೈ ಎಂಡ್’ ಸ್ಪೀಕರ್ ಕೇಬಲ್ಲಿಗೆ ಕೊಡುವ ಹಣ ನನ್ನ ಮಟ್ಟಿಗೆ ಪೂರ್ತಿ ದಂಡ. ವೈರಿಂಗ್ ಅಂಗಡಿಯ 1.5 ಚದರ ಮಿ.ಮೀ. ತಾಮ್ರದ ವೈರ್ 10 ಮೀಟರ್ ಎಳೆದರೆ ಹೋಗಿ ಬರುವ ದಾರಿ ಸೇರಿ ರೆಸಿಸ್ಟೆನ್ಸ್ ಸುಮಾರು 0.23 ಓಮ್, 8 ಓಮ್ ಸ್ಪೀಕರಿಗೆ ಏನೂ ತೊಂದರೆಯಿಲ್ಲ. 4 ಓಮಿನದಾದರೆ 2.5 ಚದರ ಮಿ.ಮೀ. ಹಾಕಿ. ಮಳೆಗಾಲ ಮುಗಿದ ಮೇಲೆ ಹಸಿರುಗಟ್ಟಿದ ತುದಿಯನ್ನು ಅರ್ಧ ಇಂಚು ಕತ್ತರಿಸಿ ಹೊಸದಾಗಿ ಸಿಪ್ಪೆ ಬಿಡಿಸಬೇಕು.

ಕೆಲವು ನೂರು ರೂಪಾಯಿಯ ಕಾಂಟ್ಯಾಕ್ಟ್ ಕ್ಲೀನರ್ ಡಬ್ಬಿಯಷ್ಟು ಉಪಕಾರ ಮಾಡಿದ ಸಾಮಾನು ಬೇರೆ ಇಲ್ಲ. ಆಂಪ್ಲಿಫೈಯರಿನ ವಾಲ್ಯೂಮ್ ಕರಕರ ಎಂದರೆ, ಒಂದು ಪಕ್ಕದ ಸದ್ದು ಹೋಗಿ ಬಂದು ಮಾಡಿದರೆ ಪ್ಲಗ್ ಕಿತ್ತು, ಒಂದು ಗಂಟೆ ಬಿಟ್ಟು ಮುಚ್ಚಳ ತೆಗೆದು, ವಾಲ್ಯೂಮ್ ಕಂಟ್ರೋಲಿನ ಸಂದಿಗೆ ತುಸು ಸಿಂಪಡಿಸಿ, ಗುಬುಟನ್ನು ಆ ತುದಿಯಿಂದ ಈ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿ. ಪೂರ್ತಿ ಆರಿದ ಮೇಲೆಯೇ ಕರೆಂಟ್ ಕೊಡಿ. ತುಕ್ಕು ಬಿಡಿಸುವ ಸಾಮಾನ್ಯ ಎಣ್ಣೆ ಸ್ಪ್ರೇ ಹಾಕಿದರೆ ಜಿಡ್ಡು ಉಳಿದು ಧೂಳು ಹಿಡಿಯುತ್ತದೆ. ಮಳೆಗಾಲದಲ್ಲಿ ಗುಡುಗಿಲ್ಲದ ದಿನ ಆಂಪ್ಲಿಫೈಯರನ್ನು ಒಂದು ಗಂಟೆಯಾದರೂ ಹಾಕಿಡಿ, ಅದರ ಬಿಸಿಗೇ ಒಳಗಿನ ಪಸೆ ಆರುತ್ತದೆ.

ಎಲ್‌ಪಿ ಇರುವವರು ಕಾಗದದ ಒಳಲಕೋಟೆ ಬಿಟ್ಟು ಪ್ಲಾಸ್ಟಿಕ್ಕಿನದಕ್ಕೆ ಬದಲಿಸಿ, ಬೂಷ್ಟು ಮೊದಲು ಹಿಡಿಯುವುದು ಕಾಗದಕ್ಕೆ. ಬೂಷ್ಟು ಬಂದ ವಿನೈಲ್ ತಟ್ಟೆಯನ್ನು ಡಿಸ್ಟಿಲ್ಡ್ ವಾಟರಿಗೆ ಎರಡು ಹನಿ ಪಾತ್ರೆ ಸೋಪು ಹಾಕಿ ಮೆತ್ತನೆಯ ಬ್ರಷ್ಷಿನಲ್ಲಿ ಗೆರೆಯ ದಿಕ್ಕಿನಲ್ಲೇ ಉಜ್ಜಿ, ಬರಿಯ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಅಜ್ಜನ ಕಾಲದ 78 ಆರ್‌ಪಿಎಂ ತಟ್ಟೆಗೆ ಮಾತ್ರ ಆಲ್ಕೊಹಾಲ್ ಇರುವ ಯಾವ ದ್ರವವನ್ನೂ ಸೋಕಿಸಬೇಡಿ. ಅದು ಅರಗಿನದು, ಆಲ್ಕೊಹಾಲಿಗೆ ಕರಗಿಬಿಡುತ್ತದೆ.