ಗಾಂಜಾ ಗಿಡದ ಮದ್ದು ಮೈಗೆ ಒಗ್ಗದಿದ್ದರೆ: ಬರೆದಿಡುವುದು, ತಿಳಿಸುವುದು ಹೇಗೆ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲದ ಕಡೆಯ ಮನೆಗಳಲ್ಲಿ ಮಂಗಳೂರಿನ ಡಾಕ್ಟರರು ಬರೆದ ಮಾತ್ರೆ, ಊರಿನ ಪಂಡಿತರ ಕಷಾಯ ಎರಡೂ ಒಂದೇ ಕಪಾಟಿನಲ್ಲಿರುತ್ತವೆ. ಅಲ್ಲಿಗೆ ಗಾಂಜಾ ಗಿಡದಿಂದ ತಯಾರಾದ ಮದ್ದೊಂದು ಬಂತೆನ್ನಿ, ಅದರ ಸುದ್ದಿ ಮಾತ್ರ ಯಾರೂ ಎತ್ತುವುದಿಲ್ಲ. ನಾಚಿಕೆ ಒಂದು, ಪೊಲೀಸರ ಹೆದರಿಕೆ ಇನ್ನೊಂದು. ಆಯುರ್ವೇದದಲ್ಲಿ ಇದರ ಎಲೆಗೆ ವಿಜಯಾ ಎಂದು ಹೆಸರು. ವೈದ್ಯರು ಚೀಟಿ ಬರೆದು ಕೊಟ್ಟ ಮದ್ದನ್ನು ಇನ್ನೊಬ್ಬ ವೈದ್ಯರಿಂದ ಮುಚ್ಚಿಡಬೇಡಿ. ಕಷ್ಟ ಶುರುವಾಗುವುದೇ ಅಲ್ಲಿ.

ಮೊದಲ ಕೆಲಸ, ಒಂದು ನೋಟ್‌ಬುಕ್. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮದ್ದುಗಳ ಹೆಸರು ಬರೆಯಿರಿ. ಫಿಟ್ಸ್‌ಗೆ ವಾಲ್ಪ್ರೋಯೇಟ್ ತೆಗೆದುಕೊಳ್ಳುವವರಿಗೆ ಗಾಂಜಾ ಗಿಡದಿಂದ ತೆಗೆಯುವ ಕ್ಯಾನಬಿಡಿಯಾಲ್ ಸೇರಿದರೆ ಲಿವರ್‌ಗೆ ತೊಂದರೆಯಾಗುವ ಸಂಭವ ಹೆಚ್ಚು. ಶುರುಮಾಡುವ ಮುಂಚೆಯೇ ಲಿವರ್‌ನ ರಕ್ತಪರೀಕ್ಷೆ ಆಗಬೇಕು. ಫಿಟ್ಸ್‌ನದೇ ಇನ್ನೊಂದು ಮದ್ದು ಕ್ಲೋಬಜಾಮ್ ಜೊತೆಗಾದರೆ ವಿಪರೀತ ತೂಕಡಿಕೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುವವರಿಗೆ ರಕ್ತಸ್ರಾವದ ಭಯ.

ಬಾಯಿಯ ಮೂಲಕ ಕೊಟ್ಟ ಗಾಂಜಾ ಗಿಡದ ಮದ್ದು ಹಿಡಿಯಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. 'ಏನೂ ಆಗಲಿಲ್ಲ' ಎಂದು ಮತ್ತೆ ಹನಿ ಹಾಕಿದರೆ ಎರಡೂ ಸೇರಿ ತಲೆಸುತ್ತು, ಎದೆಬಡಿತ, ಗಾಬರಿ, ಇಲ್ಲದ್ದು ಕಾಣುವುದು ಆಗಬಹುದು. ಭೇದಿ, ಊಟ ಸೇರದಿರುವುದೂ ಉಂಟು.

ಏನಾದರೂ ಕಂಡರೆ ಆಗಲೇ ಬರೆಯಿರಿ: ಎಷ್ಟು ಗಂಟೆಗೆ, ಎಷ್ಟು ಹನಿ, ಎಷ್ಟು ಹೊತ್ತಿಗೆ ಏನಾಯಿತು. ಬಾಟಲಿ ಬಿಸಾಡಬೇಡಿ, ಬ್ಯಾಚ್ ನಂಬರ್ ಅದರಲ್ಲೇ ಇರುವುದು. ಫಿಟ್ಸ್‌ನ ಮದ್ದನ್ನು ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ, ಫಿಟ್ಸ್ ಮರಳಿ ಜೋರಾಗಬಹುದು. ವೈದ್ಯರಿಗೆ ಫೋನ್ ಮಾಡಿ. ಐದು ನಿಮಿಷ ಕಳೆದರೂ ಫಿಟ್ಸ್ ನಿಲ್ಲದಿದ್ದರೆ, ಎಚ್ಚರ ತಪ್ಪಿದರೆ, ಉಸಿರು ಕಟ್ಟಿದರೆ 108ಕ್ಕೆ ಕರೆಮಾಡಿ. ಕಣ್ಣು ಹಳದಿಯಾದರೆ ಆ ದಿನವೇ ಆಸ್ಪತ್ರೆಗೆ.

ಇನ್ನು ವರದಿ. ಇದು ದೂರು ಅಲ್ಲ, ಯಾರ ಮೇಲೂ ಕೇಸ್ ಆಗುವುದಿಲ್ಲ. ಮದ್ದು ಒಗ್ಗದಿದ್ದ ಸುದ್ದಿಗಳನ್ನು ಒಟ್ಟುಮಾಡುವ, 2010ರಲ್ಲಿ ಆರಂಭವಾದ ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮದ ಕೇಂದ್ರ ಗಾಜಿಯಾಬಾದಿನಲ್ಲಿದೆ. ಕೆಲಸದ ದಿನಗಳಲ್ಲಿ 1800-180-3024ಕ್ಕೆ ಉಚಿತವಾಗಿ ಕರೆಮಾಡಬಹುದು. ರೋಗಿಗಳೇ ತುಂಬಿ ಕಳಿಸುವ ಫಾರ್ಮ್ ಕನ್ನಡದಲ್ಲೂ ಇದೆ. ಮಲಯಾಳದ ಕಾಗದಗಳ ನಡುವೆ ಒದ್ದಾಡುವ ನಮಗೆ ಇದು ಸಣ್ಣ ಸಮಾಧಾನವಲ್ಲ. ರೋಗಿಯ ಪೂರ್ತಿ ಹೆಸರು ಬೇಡ, ಇನಿಶಿಯಲ್ ಸಾಕು. ಮದ್ದಿನಿಂದಲೇ ಆಯಿತೆಂದು ನೀವು ಸಾಬೀತು ಮಾಡಬೇಕಿಲ್ಲ. ಸಂಶಯ ಬಂದರೆ ಸಾಕು. ಆಯುರ್ವೇದ ಮದ್ದಾದರೆ ಆಯುಷ್ ಇಲಾಖೆಯದೇ ಬೇರೆ ವ್ಯವಸ್ಥೆಯಿದೆ, ಕೊಟ್ಟ ವೈದ್ಯರ ಮೂಲಕ ತಿಳಿಸಿ.

ವೈದ್ಯರು ಪ್ರಮಾಣ ಇಳಿಸಿದ ಮೇಲೆ ತೊಂದರೆ ಕಡಿಮೆಯಾಯಿತೇ, ಎಷ್ಟು ದಿನಕ್ಕೆ? ಅದನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆದು, ಅವರಿಗೆ ತೋರಿಸಿ.